ಬರ್ಸರ್ಕ್, ಕ್ಲೇಮೋರ್, ಡೊರೊಹೆಡೊರೊ: ಮೂರನ್ನೂ ಓದಿದ ಮೇಲೆ

ಅಕ್ಕ ಒಂದು ದಿನ ನನ್ನ ಮೇಜಿನ ಮೇಲಿದ್ದ ಬರ್ಸರ್ಕ್ ಎಂಬ ಮಾಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಒಂದು ಸಂಪುಟವನ್ನು ಕೈಗೆ ತಗೊಂಡಳು. ನಡುವಿನ ಯಾವುದೋ ಪುಟ ತೆರೆದುಕೊಂಡಿತು. ತಕ್ಷಣ ಮುಚ್ಚಿಟ್ಟಳು. "ಇಷ್ಟೊಂದು ರಕ್ತ! ಇದನ್ನ ದುಡ್ಡು ಕೊಟ್ಟು ಯಾಕೋ ಓದ್ತೀಯಾ?" ಅಂದಳು. "ಚಿತ್ರ ಚೆನ್ನಾಗಿದೆ" ಅಂತ ಏನೋ ಹೇಳಿ ಸುಮ್ಮನಾದೆ. ಆದರೆ ಆ ಪ್ರಶ್ನೆ ಒಳಗೇ ಕೊರೆಯುತ್ತಿತ್ತು. ಆಮೇಲೆ ಒಂದೂವರೆ ವರ್ಷದಲ್ಲಿ ಇದೇ ಬಗೆಯ ಮೂರು ದೊಡ್ಡ ಮಾಂಗಾಗಳನ್ನು ಒಂದರ ಹಿಂದೆ ಒಂದು ಓದಿದೆ. ಮೂರೂ ಸೇರಿದರೆ ತೊಂಬತ್ತು ಸಂಪುಟಕ್ಕಿಂತ ಜಾಸ್ತಿ.

ಮೂರರಲ್ಲೂ ಕೈಕಾಲು ತುಂಡಾಗುತ್ತವೆ, ತಲೆಗಳು ಉರುಳುತ್ತವೆ. ಯಾವುದರಲ್ಲಿ ರಕ್ತ ಹೆಚ್ಚು ಅಂತ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ದುಶ್ಶಾಸನನ ಎದೆ ಬಗೆದ ಭೀಮನ ಕಥೆಯನ್ನು ಊಟದ ಹೊತ್ತಿನಲ್ಲಿ ಅಜ್ಜಿಯಿಂದ ಕೇಳಿದವರು ನಾವು. ನಾನು ನೋಡಿದ್ದು ಬೇರೆಯದನ್ನು: ಏಟು ಬಿದ್ದ ಮಾರನೇ ದಿನ ಏನಾಗುತ್ತದೆ? ಗಾಯವಾದವರು ಹೇಗೆ ಬದುಕುತ್ತಾರೆ? ಕಥೆ ಅವರ ಜೊತೆ ಎಷ್ಟು ಹೊತ್ತು ಕೂರುತ್ತದೆ? ಈ ಒಂದು ವಿಷಯದಲ್ಲಿ ಮೂರಕ್ಕೂ ಅಜಗಜಾಂತರ.

ಮೊದಲು ಓದಿದ್ದು ನೊರಿಹಿರೊ ಯಾಗಿಯವರ ಕ್ಲೇಮೋರ್. 2001ರಲ್ಲಿ ಶುರುವಾಗಿ 2014ರಲ್ಲಿ ಮುಗಿದ ಕಥೆ, ಒಟ್ಟು 27 ಸಂಪುಟ. ಇದು ಬಂದಿದ್ದು ಹುಡುಗರ ಪತ್ರಿಕೆಯಲ್ಲಿ ಅಂದರೆ ನಂಬುವುದು ಕಷ್ಟ. ಮನುಷ್ಯರ ಕರುಳು ತಿನ್ನುವ, ಮನುಷ್ಯರ ರೂಪದಲ್ಲೇ ಊರೊಳಗೆ ಬದುಕುವ ಯೋಮಾ ಎಂಬ ರಾಕ್ಷಸರು. ಅವರನ್ನು ಕೊಲ್ಲಲು ಒಂದು ಸಂಸ್ಥೆ ಹುಡುಗಿಯರ ಮೈಯೊಳಗೆ ಯೋಮಾದ ಮಾಂಸ ಸೇರಿಸಿ ಅರ್ಧ ಮನುಷ್ಯ, ಅರ್ಧ ರಾಕ್ಷಸಿಯರನ್ನಾಗಿ ಮಾಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು ನಂಬರ್. ನಾಯಕಿ ಕ್ಲೇರ್‌ಗೆ 47, ಅಂದರೆ ಕಟ್ಟಕಡೆಯವಳು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಕಪ್ಪು ಚೀಟಿ. ಪ್ರತಿಯೊಬ್ಬಳ ಕತ್ತಿಯ ಹಿಡಿಯೊಳಗೆ ಅದು ಇರುತ್ತದೆ. ಒಳಗಿನ ರಾಕ್ಷಸ ಶಕ್ತಿ ಹದ್ದು ಮೀರುವ ಹೊತ್ತು ಬಂತು ಅಂತ ಗೊತ್ತಾದಾಗ ಅವಳು ಆ ಚೀಟಿಯನ್ನು ತನಗೆ ಇಷ್ಟವಾದ ಗೆಳತಿಗೆ ಕಳಿಸುತ್ತಾಳೆ. ಗೆಳತಿ ಬಂದು ಅವಳನ್ನು ಕೊಲ್ಲಬೇಕು. ಮನುಷ್ಯಳಾಗಿ ಇರುವಾಗಲೇ ಸಾಯಲಿ ಅಂತ. ಇಡೀ ಕಥೆಯ ಭಾರ ಆ ಚೀಟಿಯಲ್ಲಿದೆ.

ಗಾಯದ ವಿಷಯದಲ್ಲೂ ಕ್ಲೇಮೋರ್ ಲೆಕ್ಕ ತಪ್ಪುವುದಿಲ್ಲ. ಕ್ಲೇರ್ ಬಲಗೈ ಕಳೆದುಕೊಳ್ಳುತ್ತಾಳೆ. ಅವಳದು ಕೈ ಮತ್ತೆ ಬೆಳೆಸಿಕೊಳ್ಳುವ ಮೈಯಲ್ಲ. ಆಗ ಐರೀನ್ ಎಂಬ ಹಳೆಯ ಯೋಧೆ ತನಗೆ ಉಳಿದಿದ್ದ ಒಂದೇ ಒಂದು ಕೈಯನ್ನು ಕ್ಲೇರ್‌ಗೆ ಕೊಟ್ಟುಬಿಡುತ್ತಾಳೆ. ಅಲ್ಲಿಂದ ಮುಂದೆ ಕ್ಲೇರ್ ಕತ್ತಿ ಬೀಸಿದಾಗಲೆಲ್ಲ ಅದು ಐರೀನ್‌ಳ ಕೈ ಅಂತ ನನಗೆ ನೆನಪಾಗುತ್ತಿತ್ತು.

ಕುಂದು ಇಲ್ಲ ಅಂತಲ್ಲ. ಮುಖಗಳೆಲ್ಲ ಒಂದೇ ಥರ. ಎಲ್ಲರದೂ ಬೆಳ್ಳಿ ಕಣ್ಣು, ತಿಳಿ ಬಣ್ಣದ ಕೂದಲು, ಒಂದೇ ಸಮವಸ್ತ್ರ. ಜಡೆ ನೋಡಿ ಯಾರು ಅಂತ ಗುರುತು ಹಿಡಿಯಬೇಕು. ಮಧ್ಯದ ಕೆಲವು ಕಾಳಗಗಳು ಎಳೆದಾಡಿದವು.

ಕ್ಯೂ ಹಯಾಶಿದಾ ಅವರ ಡೊರೊಹೆಡೊರೊ ಪೂರ್ತಿ ಬೇರೆ ದಾರಿ. 2000ದಿಂದ 2018ರವರೆಗೆ ಬಂತು, 23 ಸಂಪುಟ. ಹಯಾಶಿದಾ ಟೋಕಿಯೊದ ಕಲಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಅದು ಪುಟಪುಟದಲ್ಲೂ ಕಾಣುತ್ತದೆ. ಗೀರುಗೀರಾದ ಗೆರೆ, ತುಕ್ಕು ಹಿಡಿದ ಪೈಪು, ಕೊಳಕು ಗೋಡೆ. ಹೋಲ್ ಎಂಬ ಊರಿನ ಬಡವರ ಮೇಲೆ ಬೇರೆ ಲೋಕದ ಮಾಂತ್ರಿಕರು ಬಾಗಿಲು ತೆರೆದು ಬಂದು ತಮ್ಮ ಮಂತ್ರ ಪ್ರಯೋಗ ಮಾಡಿ ಹೋಗುತ್ತಾರೆ. ಹಾಗೆ ಹಲ್ಲಿಯ ತಲೆ ಬಂದವನು ಕೈಮನ್. ಅವನಿಗೆ ಹಿಂದಿನದು ಒಂದೂ ನೆನಪಿಲ್ಲ. ಸಿಕ್ಕ ಮಾಂತ್ರಿಕರ ತಲೆಯನ್ನು ಬಾಯಲ್ಲಿ ಹಾಕಿಕೊಳ್ಳುತ್ತಾನೆ. ಅವನ ಗಂಟಲೊಳಗೆ ಇನ್ನೊಬ್ಬ ಮನುಷ್ಯನ ಮುಖವಿದೆ. ತನ್ನನ್ನು ಹೀಗೆ ಮಾಡಿದವನು ಇವನೇನಾ ಅಂತ ಆ ಮುಖವೇ ಹೇಳಬೇಕು. ಅದಾದ ಮೇಲೆ ಕೈಮನ್ ಗೆಳತಿ ನಿಕೈಡೊಳ ಹೋಟೆಲಿಗೆ ಹೋಗಿ ತಟ್ಟೆ ತುಂಬ ಗ್ಯೋಜಾ ತಿನ್ನುತ್ತಾನೆ. ಗ್ಯೋಜಾ ಅಂದರೆ ನಮ್ಮ ಬೀದಿಗಳಲ್ಲಿ ಸಿಗುವ ಮೊಮೊದ ಜಪಾನಿ ನೆಂಟ.

ಇಲ್ಲಿ ಗಾಯಕ್ಕೆ ಬೆಲೆ ಕಡಿಮೆ. ನೋಯಿ ಎಂಬ ಆಜಾನುಬಾಹು ಮಾಂತ್ರಿಕೆಯ ಮಂತ್ರದ ಹೊಗೆ ತಾಗಿದರೆ ತುಂಡಾದ ಮೈಯೂ ಕೂಡಿಕೊಳ್ಳುತ್ತದೆ. ಹಾಗಾಗಿ ಭಯ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಆ ಜಾಗದಲ್ಲಿ ಇರುವುದು ಸ್ನೇಹ. ನೋಯಿ ಮತ್ತು ಅವಳ ಜೊತೆಗಾರ ಶಿನ್ ಕೊಲೆ ಮಾಡುವುದೇ ಕಸುಬಾದವರು. ಆದರೂ ಅವರಿಬ್ಬರ ನಡುವಿನ ನಂಬಿಕೆ ನೋಡಿದಾಗ ಯಾರ ಪರ ನಿಲ್ಲಬೇಕು ಅಂತಲೇ ತಿಳಿಯುವುದಿಲ್ಲ. ಕೊನೆಯ ಸಂಪುಟಗಳಲ್ಲಿ ಕಥೆ ತುಂಬ ಗೋಜಲು, ಎರಡು ಸಲ ಹಿಂದಕ್ಕೆ ಹೋಗಿ ಓದಿದೆ. ಮನಸ್ಸು ಕುಗ್ಗಿದ್ದ ದಿನಗಳಲ್ಲಿ ನಾನು ಕೈಗೆತ್ತಿಕೊಂಡಿದ್ದು ಮಾತ್ರ ಇದನ್ನೇ.

ಇನ್ನು ಬರ್ಸರ್ಕ್. ಕೆಂಟಾರೊ ಮಿಯುರಾ ಇದನ್ನು 1989ರಲ್ಲಿ ಶುರು ಮಾಡಿದರು. 2021ರ ಮೇ ತಿಂಗಳಲ್ಲಿ, 54ನೇ ವಯಸ್ಸಿನಲ್ಲಿ, ಕಥೆ ಮುಗಿಯುವ ಮೊದಲೇ ತೀರಿಕೊಂಡರು. ಹೈಸ್ಕೂಲಿನಿಂದ ಅವರ ಗೆಳೆಯರಾಗಿದ್ದ ಕೋಜಿ ಮೋರಿಗೆ ಕಥೆಯ ಕೊನೆ ಏನು ಅಂತ ಮಿಯುರಾ ಮೊದಲೇ ಹೇಳಿದ್ದರಂತೆ. ಆ ನೆನಪಿನ ಮೇಲೆ, ಮಿಯುರಾ ಅವರ ಶಿಷ್ಯರ ಕೈಯಲ್ಲಿ, 2022ರ ಜೂನ್‌ನಿಂದ ಕಥೆ ಮುಂದುವರಿದಿದೆ.

ಕಥೆ ಗಟ್ಸ್ ಎಂಬ ಬಾಡಿಗೆ ಸೈನಿಕನದು. ಅವನು ತನ್ನವರು ಅಂತ ನಂಬಿದ್ದ ಪಡೆಯನ್ನು ಅದರ ನಾಯಕ ಗ್ರಿಫಿತ್ ತನ್ನ ಕನಸಿಗಾಗಿ ರಾಕ್ಷಸರಿಗೆ ಬಲಿ ಕೊಡುತ್ತಾನೆ. ಆ ರಾತ್ರಿ ಗಟ್ಸ್ ಎಡಗೈ ಕಳೆದುಕೊಳ್ಳುತ್ತಾನೆ, ಬಲಗಣ್ಣು ಕಳೆದುಕೊಳ್ಳುತ್ತಾನೆ. ಅವನು ಪ್ರೀತಿಸಿದ ಕಾಸ್ಕಾಳ ಮೇಲೆ ಅವನ ಕಣ್ಣೆದುರಲ್ಲೇ ಅತ್ಯಾಚಾರವಾಗುತ್ತದೆ. ಅವಳ ಬುದ್ಧಿ ಕದಡಿಹೋಗುತ್ತದೆ. ಆ ಪುಟಗಳನ್ನು ನಾನು ಒಂದು ಸಲ ಓದಿದ್ದೇನೆ, ಇನ್ನೊಮ್ಮೆ ಓದುವ ಧೈರ್ಯವಿಲ್ಲ.

ಆದರೆ ಆಮೇಲಿನದು ನೋಡಿ. ಹೋದ ಕೈ ಹೋಯಿತು, ಅಲ್ಲಿ ಕಬ್ಬಿಣದ ಕೈ ಬರುತ್ತದೆ. ಸೇಡಿಗಾಗಿ ಗಟ್ಸ್ ಕಾಸ್ಕಾಳನ್ನು ಕಮ್ಮಾರ ಗೊಡೊನ ಮನೆಯಲ್ಲಿ ಬಿಟ್ಟು ಎರಡು ವರ್ಷ ಅಲೆಯುತ್ತಾನೆ. ವಾಪಸ್ ಬಂದರೆ ಕಾಸ್ಕಾ ಅಲ್ಲಿಲ್ಲ. ಮುದುಕ ಗೊಡೊ ಅವನಿಗೆ ಸಮಾಧಾನ ಹೇಳುವುದಿಲ್ಲ. ಮೊಂಡಾಗಿ ಬಿರುಕು ಬಿಟ್ಟ ಅವನ ಕತ್ತಿಯನ್ನು ನೋಡಿ ಬೈಯುತ್ತಾನೆ. ದುಃಖವನ್ನು ಎದುರಿಸಲಾರದೆ ನೀನು ದ್ವೇಷದೊಳಗೆ ಓಡಿಹೋದೆ, ಅವಳ ಜೊತೆ ಕೂತು ದುಃಖ ಪಡಬೇಕಾದವನು ನೀನು ಎಂಬ ಅರ್ಥದಲ್ಲಿ. ಅಲ್ಲಿಯವರೆಗೆ ನಾನೂ ಗಟ್ಸ್ ಜೊತೆ ಸೇಡಿನ ಹಿಂದೆಯೇ ಓಡುತ್ತಿದ್ದೆ. ಆ ಬೈಗುಳ ನನಗೂ ತಾಗಿತು. ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಕಾಸ್ಕಾಳ ಗಾಯಕ್ಕೆ ಮಿಯುರಾ ಎಷ್ಟು ಕಾಲ ಕೊಟ್ಟರು ಗೊತ್ತಾ? ಆ ರಾತ್ರಿಯ ಪುಟಗಳು 1990ರ ದಶಕದ್ದು. ಅವಳ ಬುದ್ಧಿ ಮರಳುವುದು 40ನೇ ಸಂಪುಟದಲ್ಲಿ, 2018ರಲ್ಲಿ. ನಡುವೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ. ಮರಳಿದ ಮೇಲೂ ಎಲ್ಲ ಸರಿಹೋಗುವುದಿಲ್ಲ. ಗಟ್ಸ್ ಮುಖ ನೋಡಿದ ತಕ್ಷಣ ಆ ರಾತ್ರಿ ನೆನಪಾಗಿ ಕಿರುಚುತ್ತಾಳೆ. ಅವಳಿಗೋಸ್ಕರವೇ ಅಷ್ಟು ದೂರ ನಡೆದವನು ಅವಳ ಹತ್ತಿರ ಹೋಗುವ ಹಾಗಿಲ್ಲ. ಇಷ್ಟು ಪ್ರಾಮಾಣಿಕವಾಗಿ ಗಾಯವನ್ನು ನೋಡಿದ ಕಥೆ ಈ ಬಗೆಯ ಮಾಂಗಾಗಳಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಮೂರರಲ್ಲಿ ಬರ್ಸರ್ಕ್ ಮೇಲು ಅಂತ ನಾನು ಹೇಳುವುದು ಇದಕ್ಕೇ.

ಒಂದು ಆಕ್ಷೇಪ ಮಾತ್ರ ಉಳಿದೇ ಇದೆ. ಹಿಂಸೆ ನಡೆಯುವಾಗ ಕೆಲವು ಕಡೆ ಹೆಣ್ಣಿನ ಮೈಯನ್ನು ಅಂದವಾಗಿ ತೋರಿಸುವ ಹಾಗೆ ಬರೆದಿದ್ದಾರೆ. ಅದು ತಪ್ಪು ಅಂತಲೇ ನನಗೆ ಅನಿಸುತ್ತದೆ. ಮೊದಲ ಎರಡು ಮೂರು ಸಂಪುಟಗಳೂ ಒರಟು. 18 ದಾಟದವರ ಕೈಗೆ ಇದನ್ನು ಕೊಡಬೇಡಿ. ದೊಡ್ಡವರಾದರೂ ಇಂಥ ನೋವು ಕಂಡವರಿದ್ದರೆ ಮೊದಲೇ ವಿಷಯ ತಿಳಿಸಿ ಕೊಡಿ.

ಓದುವ ರೀತಿಯ ಬಗ್ಗೆ ಒಂದು ಮಾತು. ಕ್ಲೇಮೋರ್ ಫೋನಿನಲ್ಲೂ ನಡೆಯುತ್ತದೆ. ಡೊರೊಹೆಡೊರೊಗೆ ಟ್ಯಾಬ್ ಬೇಕು, ಇಲ್ಲದಿದ್ದರೆ ಆ ಸಣ್ಣ ಗೆರೆಗಳೆಲ್ಲ ಕಪ್ಪಾಗಿ ಕಾಣುತ್ತವೆ. ಬರ್ಸರ್ಕ್‌ಗೆ ಕಾಗದವೇ ಸರಿ. ಎರಡು ಪುಟಕ್ಕೂ ಹರಡಿದ ಒಂದೇ ಚಿತ್ರದಲ್ಲಿ ನೂರಾರು ಸೈನಿಕರು, ಒಬ್ಬೊಬ್ಬನ ಕವಚದ ಮೇಲೂ ಬೆಳಕು ಬೇರೆ ಬೇರೆ. ಮೂರು ಸಂಪುಟ ಒಟ್ಟಿಗೆ ಕಟ್ಟಿದ ಇಂಗ್ಲಿಷ್ ಡೀಲಕ್ಸ್ ಆವೃತ್ತಿ 2019ರಿಂದ ಬರುತ್ತಿದೆ. ಬೆಲೆ ಜಾಸ್ತಿ. ನಾನು ಎರಡು ಮಾತ್ರ ಕೊಂಡೆ, ಉಳಿದಿದ್ದನ್ನು ಗೆಳೆಯನಿಂದ ತಂದು ಓದಿದೆ. ಅದನ್ನು ಕೈಯಲ್ಲಿ ಹಿಡಿದು ಮಲಗಿ ಓದಲು ಆಗುವುದಿಲ್ಲ, ತೊಡೆ ಮೇಲೆ ಇಟ್ಟುಕೊಳ್ಳಬೇಕು. ಮೂರನ್ನೂ ಬಲದಿಂದ ಎಡಕ್ಕೆ ಓದಬೇಕು ಅನ್ನುವುದು ನೆನಪಿರಲಿ.

ಹೊಸಬರು ಕ್ಲೇಮೋರ್‌ನಿಂದ ಶುರು ಮಾಡಿ. ಮೊದಲ ಐದು ಸಂಪುಟ ಸಾಕು. ಅಷ್ಟರಲ್ಲಿ ತೆರೇಸಾ ಎಂಬ ಯೋಧೆಯ ಕಥೆ ಬಂದುಹೋಗುತ್ತದೆ. ಯಾರ ಹಂಗೂ ಇಲ್ಲದ, ಯಾರಿಗೂ ಸೋಲದ ತೆರೇಸಾಳ ಹಿಂದೆ ಮಾತೇ ಆಡದ ಒಂದು ಪುಟ್ಟ ಹುಡುಗಿ ನಡೆದು ಬರುತ್ತಾಳೆ. ಬೈದರೂ ಬರುತ್ತಾಳೆ, ಒದ್ದರೂ ಬರುತ್ತಾಳೆ. ಕೊನೆಗೆ ತೆರೇಸಾಳನ್ನು ತಬ್ಬಿಕೊಂಡು ಅಳುತ್ತಾಳೆ. ನೋವು ತೆರೇಸಾಳದು, ಅಳು ಹುಡುಗಿಯದು.

ಅಕ್ಕನಿಗೆ ಕೊಟ್ಟಿದ್ದೂ ಇದನ್ನೇ. ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. "ತೆರೇಸಾ ವಾಪಸ್ ಬರ್ತಾಳೇನೋ?" ಅಂತ ಕೇಳಿದಳು. ಮುಂದಿನದನ್ನು ನೀನೇ ಓದು ಅಂದೆ. ಆರನೇ ಸಂಪುಟ ಭಾನುವಾರ ತಂದುಕೊಡು ಅಂದಳು.