ಕಲಬುರಗಿ ರಸ್ತೆಗೆ ಯಾವ ಕ್ಯಾಮ್‌ಶಾಫ್ಟ್: 260 ಡಿಗ್ರಿಯದೋ, 288ರದೋ?

ಕ್ಯಾಮ್‌ಶಾಫ್ಟ್ ಎಂದರೆ ಇಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ. ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ದಂಡ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಎಂಬುದೇ ಈ ಅಂಕಿ. ದಿನಾ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಕಾರು ಓಡಿಸುವವರು 260ರ ಆಸುಪಾಸಿನದನ್ನೇ ಹಾಕಿಸಿ. ಐಡ್ಲಿಂಗ್ ಹದವಾಗಿರುತ್ತದೆ, ಬೇಸಿಗೆಯಲ್ಲಿ ಎಸಿ ಹಾಕಿದರೂ ಇಂಜಿನ್ ಬಂದ್ ಬೀಳುವುದು ಅಪರೂಪ. 288ರಲ್ಲಿ ಇನ್‌ಟೇಕ್ (ಗಾಳಿ ಒಳಬಿಡುವ), ಎಕ್ಸಾಸ್ಟ್ (ಹೊಗೆ ಹೊರಬಿಡುವ) ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚು. ಕಡಿಮೆ ಆರ್‌ಪಿಎಂನಲ್ಲಿ ಸುಟ್ಟ ಹೊಗೆ ಇನ್‌ಟೇಕ್‌ಗೆ ಮರಳಿ ಪಿಕಪ್ ಸಾಯುತ್ತದೆ. ಮೇಲಿನ ಆರ್‌ಪಿಎಂನಲ್ಲೇ ಓಡುವ ಟ್ರ್ಯಾಕ್ ಕಾರಿಗೆ ಮಾತ್ರ ಅದು ಒಪ್ಪುತ್ತದೆ.

ಖರ್ಚು ಕ್ಯಾಮ್‌ಗೇ ಮುಗಿಯದು. 288ಕ್ಕೆ ಗಟ್ಟಿ ಸ್ಪ್ರಿಂಗ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಬೇಕೇ ಬೇಕು. ವಾಲ್ವ್‌ಗೂ ಪಿಸ್ಟನ್‌ಗೂ ನಡುವಿನ ಅಂತರವನ್ನೂ ನೋಡಬೇಕು: ಪಿಸ್ಟನ್ ಮೇಲೆ ಮಕ್ಕಳು ಆಡುವ ಮೆದು ಜೇಡಿಮಣ್ಣಿಟ್ಟು (ಮಾಡೆಲಿಂಗ್ ಕ್ಲೇ), ಹೆಡ್ ಕೂರಿಸಿ, ಕ್ರ್ಯಾಂಕ್ ಕೈಯಿಂದ ಎರಡು ಸುತ್ತು ತಿರುಗಿಸಿ. ಒತ್ತಿದ ಮಣ್ಣನ್ನು ಕುಯ್ದು ಅಳೆದಾಗ ಇನ್‌ಟೇಕ್‌ ಕಡೆ 2, ಎಕ್ಸಾಸ್ಟ್‌ ಕಡೆ 2.5 ಮಿಲಿಮೀಟರ್ ಆದರೂ ಸಿಗಬೇಕು. ಸಿಗದಿದ್ದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುವ ಅಪಾಯವಿದೆ.

ಕೈ ಬಿಗಿಯಿದ್ದರೆ ಹಳೆ ಕ್ಯಾಮನ್ನೇ ಗ್ರೈಂಡಿಂಗ್ ಮಾಡಿಸಿ ಹೊಸ ಆಕಾರ ಕೊಡಿಸಬಹುದು. ಆಗ ಕ್ಯಾಮ್‌ನ ತಳದ ವೃತ್ತ (ವಾಲ್ವ್ ಮುಚ್ಚಿರುವಾಗ ಎದುರಿಗಿರುವ ದುಂಡು ಭಾಗ) ಸಣ್ಣದಾಗುವುದರಿಂದ, ಶಿಮ್ (ಅಂತರ ಸರಿಪಡಿಸುವ ಲೋಹದ ಬಿಲ್ಲೆ) ಇರುವ ಇಂಜಿನ್ನಿನಲ್ಲಿ ದಪ್ಪ ಶಿಮ್ ಹಾಕಿ ಟ್ಯಾಪೆಟ್ ಗ್ಯಾಪ್ (ಕ್ಯಾಮ್‌ಗೂ ವಾಲ್ವ್ ಒತ್ತುವ ಟ್ಯಾಪೆಟ್‌ಗೂ ನಡುವಿನ ಅಂತರ) ಮತ್ತೆ ಸೆಟ್ ಮಾಡಿಸಿ.