ಹೊಸ ಕ್ಯಾಮೆರಾ ತಗೊಳ್ಳುವ ಮುಂಚೆ ಹಳೇ ಲೆನ್ಸ್ ಹಾಕಿ ನೋಡಿ

ನನ್ನ ನಿಕಾನ್ ಡಿ90 ಹಳೆಯದಾಗಿತ್ತು. 2008ರ ಮಾಡೆಲ್, 12 ಮೆಗಾಪಿಕ್ಸೆಲ್. ಹಗಲಲ್ಲಿ ಈಗಲೂ ಚೆನ್ನಾಗಿ ಬರುತ್ತೆ. ಆದರೆ ಮದುವೆಮನೆಯ ಮಂದ ಬೆಳಕಲ್ಲಿ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆಯ ಅಳತೆ) 1600 ದಾಟಿದರೆ ಫೋಟೋ ತುಂಬಾ ಚುಕ್ಕೆ ಚುಕ್ಕೆ. ಅದಕ್ಕೇ ನಿಕಾನ್‌ದೇ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಝಡ್ 50 ತಗೊಂಡೆ.

ಮನೆಯಲ್ಲಿ ಹಳೇ 80-200 ಎಂಎಂ ಎಫ್ 2.8ಡಿ ಲೆನ್ಸ್ ಇತ್ತು. ದುಡ್ಡು ಕೂಡಿಟ್ಟು ತಗೊಂಡಿದ್ದ ಲೆನ್ಸ್ ಅದು. "ಇದಕ್ಕೆ ಆಗುತ್ತಾ?" ಅಂತ ಅಂಗಡಿಯಲ್ಲಿ ಕೇಳಿದೆ. "ಎಫ್‌ಟಿಝಡ್ ಅಡಾಪ್ಟರ್ ಹಾಕಿದ್ರೆ ಎಲ್ಲಾ ಲೆನ್ಸೂ ಆಗುತ್ತೆ ಸರ್" ಅಂದರು. ಹಳೇ ನಿಕಾನ್ ಲೆನ್ಸನ್ನು ಹೊಸ ಝಡ್ ಕ್ಯಾಮೆರಾಗೆ ಜೋಡಿಸುವ ಸಾಧನ ಅದು. ನಂಬಿದೆ. ಅಡಾಪ್ಟರ್ ಕೈಗೆ ಬಂದಿದ್ದು ರಂಗನತಿಟ್ಟಿಗೆ ಹೊರಡುವ ಹಿಂದಿನ ರಾತ್ರಿ. ಸಿಕ್ಕಿಸಿದೆ, ಟಕ್ ಅಂತ ಕೂತಿತು. ಅಷ್ಟು ಸಾಕು ಅಂದುಕೊಂಡು ಮಲಗಿದೆ.

ಮರುದಿನ ದೋಣಿ ಮರದ ಹತ್ತಿರ ಹೋಯಿತು. ಬಣ್ಣದ ಕೊಕ್ಕರೆಯೊಂದು ಕೊಕ್ಕಲ್ಲಿ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುತ್ತಿತ್ತು. ಬಟನ್ ಅರ್ಧ ಒತ್ತಿದೆ. ಡಿ90ಯಲ್ಲಿ ಕೇಳುತ್ತಿದ್ದ ಆ ಕರ್ರ್ ಸದ್ದೇ ಇಲ್ಲ. ಲೆನ್ಸ್ ಅಲುಗಲೇ ಇಲ್ಲ. ಗಾಬರಿಯಲ್ಲಿ ಕೈಯಿಂದ ರಿಂಗ್ ತಿರುಗಿಸುವಷ್ಟರಲ್ಲಿ ದೋಣಿ ಮುಂದೆ ಹೋಗಿತ್ತು. ಅವತ್ತಿನ ಫೋಟೋಗಳಲ್ಲಿ ಮುಕ್ಕಾಲುಪಾಲು ಮಸುಕು. ತುಂಬಾ ಸಂಕಟ ಆಯಿತು.

ವಿಷಯ ಇಷ್ಟೇ. ನನ್ನದರಂಥ, ಎಫ್ ಅಂಕಿಯ ಪಕ್ಕ ಡಿ ಅಂತಿರುವ ಈ ಹಳೇ ಲೆನ್ಸ್‌ಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಡಿ90ಯಂಥ ಕ್ಯಾಮೆರಾ ಬಾಡಿಯಲ್ಲಿರುವ ಮೋಟಾರ್, ಸಣ್ಣ ಸ್ಕ್ರೂಡ್ರೈವರ್ ತುದಿಯಂಥ ಪಿನ್ನಿನಿಂದ ಲೆನ್ಸನ್ನು ತಿರುಗಿಸುತ್ತೆ. ಝಡ್ 50ರಲ್ಲಿ ಆ ಮೋಟಾರ್ ಇಲ್ಲ, ಎಫ್‌ಟಿಝಡ್‌ನಲ್ಲೂ ಇಲ್ಲ. ಲೆನ್ಸ್ ಕೂರುತ್ತೆ, ಫೋಟೋನೂ ಬರುತ್ತೆ, ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. ನಿಕಾನ್‌ನ ಡಿ3000, ಡಿ5000 ಸರಣಿಯ ಬಾಡಿಗಳಲ್ಲೂ ಇದೇ ಕತೆ. ಡಿ7200, ಡಿ7500ರಲ್ಲಿ ಮೋಟಾರ್ ಇದೆ. ಹಳೇ ಲೆನ್ಸ್‌ಗಳೇ ನಿಮ್ಮ ಆಸ್ತಿಯಾಗಿದ್ದರೆ ಸೆಕೆಂಡ್ ಹ್ಯಾಂಡ್‌ನಲ್ಲಾದರೂ ಅಂಥದ್ದನ್ನೇ ನೋಡಿ. ಕ್ಯಾನನ್ ಇಎಫ್ ಲೆನ್ಸ್ ಇರುವವರಿಗೆ ಈ ತಾಪತ್ರಯ ಇಲ್ಲ, ಅವುಗಳಲ್ಲಿ ಮೋಟಾರ್ ಲೆನ್ಸ್ ಒಳಗೇ ಇರುತ್ತೆ.

ಅಡಾಪ್ಟರ್ ವಾಪಸ್ ಕೊಡಲು ಹೋದೆ. "ಬಾಕ್ಸ್ ಓಪನ್ ಆಗಿದೆ, ಆಗಲ್ಲ" ಅಂದರು. ಆಗುತ್ತೆ ಅಂದಿದ್ದೂ ಅವರೇ ಅಲ್ವಾ?

ನಿಮ್ಮ ಲೆನ್ಸನ್ನು ಬಿಚ್ಚಿ ಹಿಂಭಾಗ ನೋಡಿ. ಲೋಹದ ಉಂಗುರದಲ್ಲಿ ಸ್ಕ್ರೂ ತಲೆಯಂಥ ಸೀಳು ಇದ್ದು, ಮೇಲೆ ಎಎಫ್-ಎಸ್ (ಒಳಗೇ ಮೋಟಾರ್ ಇರುವ ಲೆನ್ಸಿನ ಗುರುತು) ಅಂತ ಬರೆದಿಲ್ಲದಿದ್ದರೆ ಹುಷಾರು. ಬ್ಯಾಗಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಅಲ್ಲೇ ಸಿಕ್ಕಿಸಿ, ಬಟನ್ ಅರ್ಧ ಒತ್ತಿ. ಲೆನ್ಸ್ ತಿರುಗಿದ ಮೇಲೇ ದುಡ್ಡು ಕೊಡಿ.