ಒಂದು ಡಿವಿಡಿಗೆ ಮೂರು ಸಿನಿಮಾ: ಯಾವ ದಾರಿಯಲ್ಲಿ ಚಿತ್ರ ಕೆಡುವುದಿಲ್ಲ?

ಮೊದಲು ಲೆಕ್ಕ. ಮಾಮೂಲಿ ಖಾಲಿ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ. ನಮ್ಮ ಹಳೆಯ ಸಿನಿಮಾಗಳು ಹೆಚ್ಚುಕಮ್ಮಿ ಎರಡೂವರೆ ಗಂಟೆಯವು. ಅಂಥ ಮೂರನ್ನು ತುಂಬಿಸಿದರೆ ಒಂದು ಸೆಕೆಂಡಿನ ಪಾಲಿಗೆ ಬರುವುದು, ಚಿತ್ರ ಧ್ವನಿ ಎರಡೂ ಸೇರಿ, ಸುಮಾರು 1390 ಕಿಲೋಬಿಟ್. ವಿಸಿಡಿಯಲ್ಲಿ, ಅಂದರೆ ಸಿನಿಮಾ ತುಂಬಿದ ಹಳೆಯ ಸಿಡಿಯಲ್ಲಿ, ಚಿತ್ರಕ್ಕೆ 1150, ಧ್ವನಿಗೆ 224, ಒಟ್ಟು 1374. ಅಂದರೆ ಹಿಂದೆ ಅಂಗಡಿಗಳಲ್ಲಿ ಸಿಗುತ್ತಿದ್ದ ‘ತ್ರೀ ಇನ್ ಒನ್’ ಡಿವಿಡಿ 4.7 ಜಿಬಿಯದ್ದಾಗಿದ್ದರೆ ಅದರ ಒಳಗೆ ಇದ್ದದ್ದು ವಿಸಿಡಿಯಷ್ಟೇ ಮಾಹಿತಿ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ನಾನು ಇದಕ್ಕೆ ಕೈಹಾಕಿದ್ದು ಅಮ್ಮನಿಗಾಗಿ. ಊರಿನಲ್ಲಿ ಅವರು ಈಗಲೂ ಸಿನಿಮಾ ನೋಡುವುದು ಡಿವಿಡಿ ಪ್ಲೇಯರಿನಲ್ಲೇ. ಮನೆಯಲ್ಲಿ ದುಡ್ಡು ಕೊಟ್ಟು ಕೊಂಡ ವಿಸಿಡಿಗಳಿವೆ, ಒಂದಷ್ಟು ಡಿವಿಡಿಗಳಿವೆ. ಒಂದೊಂದು ಸಿನಿಮಾಕ್ಕೆ ಎರಡು ಮೂರು ವಿಸಿಡಿ, ನಡುನಡುವೆ ಎದ್ದು ಬದಲಿಸಬೇಕು, ಮಂಡಿನೋವಿನವರಿಗೆ ಅದು ಸಣ್ಣ ಕೆಲಸವಲ್ಲ. ಒಮ್ಮೆ ಹಾಕಿದರೆ ಇಡೀ ದಿನಕ್ಕಾಗುವಂಥ ಡಿಸ್ಕು ಬೇಕಿತ್ತು.

ಮೊದಲ ದಾರಿ, ಡಿವಿಡಿಯ ಪೂರ್ಣ ಅಳತೆಯಲ್ಲೇ, ಅಂದರೆ 720×576 ಚುಕ್ಕಿಗಳಲ್ಲಿ, ಮೂರನ್ನೂ ಎಂಪೆಗ್-2 (ಡಿವಿಡಿಗಳು ಬಳಸುವ ವೀಡಿಯೊ ರೂಪ) ಮಾಡಿ ಒತ್ತುವುದು. ಮಾತಿನ ದೃಶ್ಯಗಳು ಪರವಾಗಿಲ್ಲ. ಹಾಡು ಬಂತೋ, ಕುಣಿಯುವವರ ಸುತ್ತ ಚೌಕಗಳು ಏಳುತ್ತವೆ. ಮಳೆ, ಬೆಂಕಿ, ಎಲೆ ಅಲುಗಾಡುವ ಮರ ಇವಂತೂ ಕಲಸಿಹೋಗುತ್ತವೆ. ಕಾರಣ ಸರಳ: ವಿಸಿಡಿಗಿಂತ ನಾಲ್ಕು ಪಟ್ಟು ಚುಕ್ಕಿಗಳನ್ನು ವಿಸಿಡಿಯಷ್ಟೇ ಬಿಟ್ಟಿನಲ್ಲಿ ಬರೆಯಲು ಹೊರಟಿದ್ದೇವೆ. ಈ ದಾರಿ ಬೇಡವೇ ಬೇಡ.

ಎರಡನೆಯದು ಅಗಲವನ್ನು ಅರ್ಧ ಮಾಡುವುದು, 352×576. ಡಿವಿಡಿಯ ನಿಯಮದಲ್ಲೇ ಇರುವ ಅಳತೆ ಇದು, ಯಾವ ಪ್ಲೇಯರೂ ತಕರಾರು ಮಾಡಬಾರದು. ಎರಡು ಸಿನಿಮಾ ಹಾಕಿದರೆ ಚಿತ್ರಕ್ಕೆ ಸುಮಾರು 1900 ಕಿಲೋಬಿಟ್ ಉಳಿಯುತ್ತದೆ. ಟೂ ಪಾಸ್‌ನಲ್ಲಿ ಎನ್‌ಕೋಡ್ ಮಾಡಿದರೆ, ಅಂದರೆ ಎರಡು ಸುತ್ತಿನಲ್ಲಿ ಒತ್ತಿ ಬರೆದರೆ, ಹಾಡುಗಳೂ ನಿಲ್ಲುತ್ತವೆ, ಏಕೆಂದರೆ ಮೊದಲ ಸುತ್ತಿನಲ್ಲಿ ಇಡೀ ಸಿನಿಮಾ ಅಳೆದು ಎರಡನೇ ಸುತ್ತಿನಲ್ಲಿ ಬೇಕಾದ ಕಡೆ ಹೆಚ್ಚು ಬಿಟ್ ಕೊಡುತ್ತದೆ. ಮೂರು ಹಾಕಿದರೆ ಮುಖಗಳು ಮೇಣದ ಹಾಗೆ ನುಣುಪಾಗುತ್ತವೆ. ಒಂದು ವಿಷಯ ಗಮನಿಸಬೇಕು: ಈ ಅರ್ಧ ಅಗಲಕ್ಕೆ 16:9 ಅನುಮತಿ ಇಲ್ಲ, 4:3 ಮಾತ್ರ. ಸ್ಕೋಪ್, ಅಂದರೆ ಅಗಲ ಪರದೆಯ ಸಿನಿಮಾ ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಚಿತ್ರದೊಳಗೇ ಸೇರಿ, 576 ಗೆರೆಗಳಲ್ಲಿ ನಿಜವಾದ ಚಿತ್ರಕ್ಕೆ ಸಿಗುವುದು ಸುಮಾರು 327. ಹಳೆಯ ಕಪ್ಪುಬಿಳುಪು ಸಿನಿಮಾಗಳಿಗೆ ಈ ತೊಂದರೆಯೇ ಇಲ್ಲ. ಅವು ಹೆಚ್ಚಾಗಿ 4:3ಕ್ಕೆ ಹತ್ತಿರದವು, ಬಣ್ಣಕ್ಕೆ ಬಿಟ್ ಖರ್ಚಾಗುವುದಿಲ್ಲ. ಆದರೆ ಗೀಚು, ಧೂಳು, ಗ್ರೇನ್ ತುಂಬಿದ ಪ್ರಿಂಟಾದರೆ ಎನ್‌ಕೋಡರ್ ಆ ಧೂಳನ್ನೂ ಚಿತ್ರವೆಂದೇ ತಿಳಿದು ಬರೆಯುತ್ತದೆ. ಎನ್‌ಕೋಡ್‌ಗೆ ಮೊದಲು ಎಫ್‌ಎಫ್‌ಎಂಪೆಗ್‌ನ (ವೀಡಿಯೊ ಪರಿವರ್ತಿಸುವ ತಂತ್ರಾಂಶ) ಡೀನಾಯ್ಸ್ ಫಿಲ್ಟರನ್ನು ಹಗುರವಾಗಿ ಹಾಕಿದರೆ ಕಣ್ಣಿಗೆ ಕಾಣುವಷ್ಟು ಸುಧಾರಣೆ ಸಿಗುತ್ತದೆ. ಜಾಸ್ತಿ ಹಾಕಿದರೆ ರೇಷ್ಮೆ ಸೀರೆಯ ಅಂಚಿನ ಕುಸುರಿ ಮಾಯ.

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಮತ್ತು ಯಾಕೋ ಇದನ್ನು ಹೇಳುವವರು ಕಡಿಮೆ. ನಿಮ್ಮ ಮೂಲ ವಿಸಿಡಿಯೇ ಆಗಿದ್ದರೆ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಲೇಬೇಡಿ. ವಿಸಿಡಿಯ 352×288 ಎಂಪೆಗ್-1 ಚಿತ್ರವನ್ನು ಡಿವಿಡಿಯ ನಿಯಮ ಹಾಗೇ ಒಪ್ಪುತ್ತದೆ. ಒಪ್ಪದಿರುವುದು ಧ್ವನಿಯನ್ನು ಮಾತ್ರ: ವಿಸಿಡಿಯಲ್ಲಿ ಅದು 44.1 ಕಿಲೋಹರ್ಟ್ಸ್, ಡಿವಿಡಿಗೆ 48 ಬೇಕು. ಹಾಗಾಗಿ ಧ್ವನಿಯನ್ನಷ್ಟೇ ಮರಳಿ ಎನ್‌ಕೋಡ್ ಮಾಡಿ, ಎರಡು ಮೂರು ತುಂಡುಗಳನ್ನು ಜೋಡಿಸಿ, ಡಿವಿಡಿಯ ರೂಪ ಕೊಡುವ ತಂತ್ರಾಂಶವಾದ ಡಿವಿಡಿಆಥರ್‌ಗೆ ಕೊಟ್ಟರೆ ಮುಗಿಯಿತು. ಹಳೆಯ ಸಿನಿಮಾಗಳ ಧ್ವನಿ ಹೇಗೂ ಮೋನೋ, 224 ಬೇಕಿಲ್ಲ, 128 ಧಾರಾಳ ಸಾಕು. ಅಲ್ಲಿ ಉಳಿಸಿದ ಜಾಗದಿಂದಲೇ ಎರಡೂವರೆ ಗಂಟೆಯ ಮೂರು ಸಿನಿಮಾ ಒಂದು ಡಿಸ್ಕಿನಲ್ಲಿ ಕೂರುತ್ತವೆ. ಚಿತ್ರ ವಿಸಿಡಿಯಲ್ಲಿ ಹೇಗಿತ್ತೋ ಹಾಗೇ ಇರುತ್ತದೆ, ಒಂದು ಚುಕ್ಕಿಯೂ ಕೆಟ್ಟಿರುವುದಿಲ್ಲ. ಇದನ್ನೇ 720×576ಕ್ಕೆ ಹಿಗ್ಗಿಸಿ ‘ಡಿವಿಡಿ ಕ್ವಾಲಿಟಿ’ ಮಾಡುತ್ತೇನೆಂದು ಹೊರಟರೆ ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ, ಇರುವುದೂ ಹಾಳಾಗುತ್ತದೆ.

ನಾಲ್ಕನೆಯದು ಡೇಟಾ ಡಿಸ್ಕು. ಎಕ್ಸ್‌ವಿಡ್ ಎಂಬ, ಇನ್ನೂ ಬಿಗಿಯಾಗಿ ಒತ್ತುವ ವಿಧಾನದಲ್ಲಿ ಎವಿಐ ಫೈಲ್ ಮಾಡಿ ಹಾಗೇ ಬರೆಯುವುದು. ಪ್ಲೇಯರಿನ ಮೇಲೆ ಡಿವ್‌ಎಕ್ಸ್ ಗುರುತು ಇದ್ದರೆ ಓಡುತ್ತದೆ. ಚಿತ್ರದ ಗುಣಮಟ್ಟವೊಂದನ್ನೇ ನೋಡಿದರೆ ಗೆಲ್ಲುವುದು ಇದೇ. ಡಿವಿಡಿಯಿಂದ ತೆಗೆದ ಮೂರು ಸಿನಿಮಾ ಒಂದೂವರೆ ಜಿಬಿಯಂತೆ ಹಾಕಿದಾಗ, ಅದೇ ಬಿಟ್ಟಿನ ಎಂಪೆಗ್-2 ಇದರ ಪಕ್ಕ ನಿಲ್ಲಲಾರದು. ಆರು ಸಿನಿಮಾ 700 ಎಂಬಿಯಂತೆಯೂ ಹಿಡಿಸುತ್ತವೆ, ಆದರೆ ಎರಡೂವರೆ ಗಂಟೆಗೆ ಅದು ತೀರಾ ತೆಳು. ಕ್ಯೂಪೆಲ್, ಜಿಎಂಸಿ ಎಂಬ ಎರಡು ಆಯ್ಕೆಗಳನ್ನು ಆಫ್ ಮಾಡಿಡಬೇಕು, ಇಲ್ಲದಿದ್ದರೆ ಬಹಳಷ್ಟು ಪ್ಲೇಯರುಗಳು ತಡವರಿಸುತ್ತವೆ.

ಆದರೂ ಅಮ್ಮನಿಗೆ ಇದನ್ನು ಕೊಡಲಿಲ್ಲ. ಪರದೆಯ ಮೇಲೆ ಬರುವುದು ಇಂಗ್ಲಿಷ್ ಅಕ್ಷರದ ಫೈಲ್ ಪಟ್ಟಿ, ಕನ್ನಡದಲ್ಲಿ ಹೆಸರಿಟ್ಟರೆ ಪ್ಲೇಯರ್ ಗುರುತಿಸುವುದಿಲ್ಲ. ಅಡಿಬರಹದ್ದೂ ಇದೇ ಪಾಡು. ತಂಗಿ ಒಂದು ಬಂಗಾಳಿ ಸಿನಿಮಾಕ್ಕೆ ಕನ್ನಡ ಅಡಿಬರಹ ಬರೆದಿದ್ದಳು, ಅದನ್ನು ಬರಹದ ರೂಪದ ಎಸ್‌ಆರ್‌ಟಿ ಫೈಲಾಗಿ ಹಾಕಿದಾಗ ಕಂಡದ್ದು ಬರೀ ಚೌಕಗಳು. ಡಿವಿಡಿಯಲ್ಲಿ ಅಡಿಬರಹ ಹೋಗುವುದು ಚಿತ್ರದ ರೂಪದಲ್ಲಿ, ಪ್ಲೇಯರಿಗೆ ಫಾಂಟ್ ಬೇಕಿಲ್ಲ. ಅದೇ ಸಾಲುಗಳು ಅಲ್ಲಿ ಒತ್ತಕ್ಷರ ಸಮೇತ ಅಚ್ಚುಕಟ್ಟಾಗಿ ಬಂದವು. ಮೆನುವಿನಲ್ಲಿ ಮೂರು ಸಿನಿಮಾಗಳ ಒಂದೊಂದು ಚಿತ್ರ ಇಟ್ಟರೆ ಬಾಣದ ಗುಂಡಿ ಒತ್ತಿ ಆರಿಸುವುದು ಅಮ್ಮನಿಗೆ ಸಲೀಸು. ಕನ್ನಡ ಓದುವವರಿಗೆ ಡಿಸ್ಕು ಮಾಡುವುದಾದರೆ ಇದು ದೊಡ್ಡ ವ್ಯತ್ಯಾಸ.

8.5 ಜಿಬಿಯ ಎರಡು ಪದರದ ಡಿವಿಡಿಯನ್ನೂ ನೋಡಿದೆ. ಮೂರು ಸಿನಿಮಾಕ್ಕೆ ತಲಾ 2500 ಕಿಲೋಬಿಟ್, ಅರ್ಧ ಅಗಲದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಖಾಲಿ ಡಿಸ್ಕು ದುಬಾರಿ, ಅಮ್ಮನ ಪ್ಲೇಯರ್ ಎರಡನೇ ಪದರಕ್ಕೆ ಹೋಗುವಾಗ ನಿಂತೇಬಿಡುತ್ತಿತ್ತು. ಬ್ಲೂ-ರೇ ಪ್ಲೇಯರ್ ಇರುವವರಿಗೆ 25 ಜಿಬಿಯಲ್ಲಿ ಮೂರು ಸಿನಿಮಾ ಎಚ್‌ಡಿಯಲ್ಲೇ ಆರಾಮಾಗಿ ಹಿಡಿಸುತ್ತವೆ, ಅಲ್ಲಿ ಈ ಕಸರತ್ತೇ ಬೇಕಿಲ್ಲ.

ಹಾಗಾಗಿ ವಿಸಿಡಿಯಿಂದ ಬಂದವನ್ನು ಮೂರು ಮೂರಾಗಿ ಹಾಗೇ ಜೋಡಿಸುತ್ತೇನೆ, ಡಿವಿಡಿಯಿಂದ ಬಂದವನ್ನು ಎರಡಕ್ಕಿಂತ ಹೆಚ್ಚು ಹಾಕುವುದಿಲ್ಲ. ಬರೆಯುವಾಗ ಇನ್ನೊಂದು ಜಾಗ್ರತೆ ಬೇಕು. ಡಿವಿಡಿ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ, ಅಗ್ಗದ ಡಿಸ್ಕುಗಳಲ್ಲಿ ದೋಷ ಮೊದಲು ಕಾಣುವುದು ಹೊರ ಅಂಚಿನಲ್ಲಿ, ಅಂದರೆ ಮೂರನೇ ಸಿನಿಮಾದ ಕ್ಲೈಮ್ಯಾಕ್ಸಿನಲ್ಲಿ. ಕೊನೆಯ 200 ಎಂಬಿ ಖಾಲಿ ಬಿಡಿ, 16 ಎಕ್ಸ್ ಬದಲು 4 ಅಥವಾ 8 ಎಕ್ಸ್ ವೇಗದಲ್ಲಿ ಬರೆಯಿರಿ, ಕೊಡುವ ಮೊದಲು ಕೊನೆಯ ಹದಿನೈದು ನಿಮಿಷವನ್ನು ಯಾರು ನೋಡುತ್ತಾರೋ ಅವರ ಪ್ಲೇಯರಿನಲ್ಲೇ ಓಡಿಸಿ ನೋಡಿ.